ಜೀಪು ಕೊಟ್ಟು ತಂದ ಮೆತ್ತನೆ ಸೀಟು

ಗಾಯವನ್ನು ಮೊದಲು ನೋಡಿದವಳು ನಾನು. ಬೆನ್ನು ಒರೆಸಲೆಂದು ಗಂಡನನ್ನು ಮಗ್ಗುಲಿಗೆ ಹೊರಳಿಸಿದ್ದೆ. ಸೊಂಟದ ಕೆಳಗೆ, ಕೂತಾಗ ಒತ್ತುವ ಮೂಳೆಯ ಮೇಲೆ, ಚರ್ಮ ಸುಲಿದುಹೋಗಿತ್ತು. ನಡುವೆ ಬೆಳ್ಳಗೆ ಕೀವು ಕಟ್ಟಿತ್ತು.

"ಏನ್ರೀ ಇದು! ಉರೀತಿಲ್ವಾ?"

"ಏನು ಉರಿಯೋದು?" ಅಂದರು, ಗೋಡೆಯ ಕಡೆ ಮುಖ ಮಾಡಿಕೊಂಡೇ.

ಅವರಿಗೆ ಹೇಗೆ ಗೊತ್ತಾಗಬೇಕು? ಸೊಂಟದಿಂದ ಕೆಳಗೆ ಅವರಿಗೆ ಬಿಸಿ ತಿಳಿಯುವುದಿಲ್ಲ, ತಣ್ಣಗಿರುವುದು ತಿಳಿಯುವುದಿಲ್ಲ. ಇರುವೆ ಕಚ್ಚಿದರೂ ನಾನೇ ನೋಡಿ ಹೇಳಬೇಕು. ಹಿಂದಿನ ಮಳೆಗಾಲದಲ್ಲಿ ಕೆಮ್ಮಣ್ಣುಗುಂಡಿ ಕಡೆಯ ಕಾಡುದಾರಿಯಲ್ಲಿ ಬಿದ್ದ ದಿನದಿಂದ ಹೀಗೆ. ಅವತ್ತು ಯಾರೋ ಗೆಳೆಯನ ಗಾಡಿ ಕೆಸರಿನಲ್ಲಿ ಹೂತಿತ್ತು. ಇವರು ತಮ್ಮ ಜೀಪಿನ ಮುಂದಿದ್ದ, ಹಗ್ಗ ಸುತ್ತಿ ಎಳೆಯುವ ವಿಂಚಿನಿಂದ ಹಗ್ಗ ಬಿಚ್ಚಿ ಅದಕ್ಕೆ ಕೊಂಡಿ ಸಿಕ್ಕಿಸಿ, ಇನ್ನು ಎಳೀರಿ ಎಂದು ಕೈ ಬೀಸಿದರಂತೆ. ಕಾಲಡಿಯ ಮಣ್ಣು ಕುಸಿಯಿತು. ಹಳ್ಳಕ್ಕೆ ಉರುಳಿದ ಮನುಷ್ಯ ಬಂಡೆಯ ಮೇಲೆ ಬೆನ್ನು ಅಡಿಯಾಗಿ ಬಿದ್ದು ಬೆನ್ನುಮೂಳೆ ಮುರಿದುಕೊಂಡರು. ಜೀಪು ಮಾತ್ರ ಮೇಲೆ ಕಲ್ಲುಗುಂಡಿನ ಹಾಗೆ ನಿಂತಿತ್ತು. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಆ ಗೀರು ಬೀಳದ್ದಕ್ಕೇ ನನಗೆ ಅದರ ಮೇಲೆ ಹಾಳು ಸಿಟ್ಟು.

ನಮ್ಮದು ಅಜ್ಜಂಪುರದಲ್ಲಿ ಹಾರ್ಡ್‌ವೇರ್ ಅಂಗಡಿ. ಅಂಗಡಿಯಿಂದ ಬಂದ ಪುಡಿಗಾಸೆಲ್ಲ ಆ ಜೀಪಿನ ಹೊಟ್ಟೆಗೆ ಹೋಗುತ್ತಿತ್ತು. ಕಂಪನಿಯವರು ಕೊಟ್ಟ ಎತ್ತರ ಇವರಿಗೆ ಸಾಲದೆ ಒಂದು ಗೇಣು ಮೇಲಕ್ಕೆತ್ತಿಸಿದರು. ಟ್ರ್ಯಾಕ್ಟರ್ ನಾಚುವಂಥ ಟೈರು ಹಾಕಿಸಿದರು. ಮುಂದೆ ಕಬ್ಬಿಣದ ಬಂಪರು, ನೆತ್ತಿಯ ಮೇಲೆ ಸಾಲು ದೀಪ, ಹೊಳೆ ದಾಟುವಾಗ ಇಂಜಿನ್ನಿಗೆ ನೀರು ಹೋಗದಿರಲೆಂದು ಗಾಜಿನ ಪಕ್ಕ ಆನೆಸೊಂಡಿಲಿನಂಥ ಪೈಪು. "ಯಾವ ಹೊಳೆ ದಾಟಕ್ಕೆ ಹೊರಟಿದೀರಾ? ಅಜ್ಜಂಪುರದಲ್ಲಿ ಕುಡಿಯಕ್ಕೇ ನೀರಿಲ್ಲ" ಎಂದು ನಾನು ಕಿಚಾಯಿಸುತ್ತಿದ್ದೆ. ಮಗಳು ಹುಟ್ಟಿದ ಮೇಲೂ ಹಿಂದಿನ ಸೀಟು ಕಿತ್ತು ಹಗ್ಗ, ಸಲಿಕೆ ಇಟ್ಟುಕೊಂಡ ಮನುಷ್ಯ. ಅದರಲ್ಲಿ ತರೀಕೆರೆಗೆ ಹೋಗಿ ಬಂದರೆ ನನಗೆ ಎರಡು ದಿನ ಸೊಂಟ ಹಿಡಿದುಕೊಳ್ಳುತ್ತಿತ್ತು.

ಬಿದ್ದ ಮೇಲೆ ಇವರು ಕೋಣೆಯಿಂದ ಹೊರಗೆ ಬರುವುದೇ ನಿಂತುಹೋಯಿತು. ಅಂಗಡಿ ಬೇಡ, ನೆಂಟರ ಮನೆ ಬೇಡ, ಜಗಲಿಯೂ ಬೇಡ. ಶಿವಮೊಗ್ಗಕ್ಕೆ ಫಿಸಿಯೋಥೆರಪಿಗೆ ಮಾತ್ರ ಬರುತ್ತಿದ್ದರು, ಅದೂ ಜೀಪಿನಲ್ಲಾದರೆ. ಬಾಡಿಗೆ ಕಾರು ಕರೆಸಿದ ದಿನ ಮುಸುಕು ಹಾಕಿಕೊಂಡು ಮಲಗಿಬಿಟ್ಟರು. ಹಾಗಾಗಿ ಅಂಗಡಿಯ ಇಬ್ಬರು ಆಳುಗಳು ಬಂದು ಸಿಮೆಂಟ್ ಮೂಟೆ ಎತ್ತಿದ ಹಾಗೆ ಇವರನ್ನು ಎತ್ತಿ ಜೀಪಿನ ಮುಂದಿನ ಸೀಟಿಗೆ ಏರಿಸುತ್ತಿದ್ದರು. ಓಡಿಸುತ್ತಿದ್ದವಳು ನಾನು. ಇಷ್ಟು ಹಟ ಯಾಕೆ ಎಂದು ನಾನು ಕೇಳಲಿಲ್ಲ. ಜೀಪಿನ ಹುಚ್ಚು ಇನ್ನೂ ಬಿಟ್ಟಿಲ್ಲ ಅಂದುಕೊಂಡೆ.

ಗಾಯ ನೋಡಿದ ಡಾಕ್ಟರು, "ಏನಮ್ಮಾ, ಯಾವುದರಲ್ಲಿ ಕರ್ಕೊಂಡ್ ಬರ್ತೀರಾ ಇವರನ್ನ?" ಎಂದು ಕೇಳಿದರು. ನಾನು ಕಿಟಕಿಯಿಂದ ಕೈ ತೋರಿಸಿದೆ. ಅವರು ಎದ್ದು ಬಂದು ನೋಡಿದರು.

"ಇದರಲ್ಲಾ? ನೆಟ್ಟಗಿರೋರಿಗೇ ಕಷ್ಟ. ಕುಲುಕಿ ಕುಲುಕಿ ಉಜ್ಜಿದೆ, ಅದಕ್ಕೇ ಚರ್ಮ ಹೋಗಿದೆ. ಇನ್ನೂ ಆಳಕ್ಕೆ ಇಳಿದ್ರೆ ಮೂಳೆಗೆ ನಂಜು ಏರುತ್ತೆ. ಇಂಥೋರು ಬಿದ್ದಿದ್ದರಿಂದ ಸಾಯಲ್ಲ ಕಣಮ್ಮಾ, ಇಂಥ ಹುಣ್ಣಿಂದ ಸಾಯ್ತಾರೆ."

ಮನೆಗೆ ಬಂದವಳೇ ಜೀಪು ಕೊಟ್ಟು ಒಂದು ಮೆತ್ತನೆಯ ಕಾರು ತರೋಣ ಎಂದೆ. ಮಗಳು ಹೈಸ್ಕೂಲಿಗೆ ಬಂದಿದ್ದಾಳೆ, ಅವಳಿಗೂ ಕೂರಲು ಒಂದು ಸೀಟು ಬೇಕು, ಒಳ್ಳೆಯ ಎಸ್‌ಯುವಿಗಳು ಎಷ್ಟೊಂದು ಬಂದಿವೆ ಎಂದೆ. ಇವರು ಕೇಳಿಸಿಕೊಳ್ಳಲೇ ಇಲ್ಲ.

"ಬೇಕಾದ್ರೆ ನನ್ನ ಮಾರ್ಬಿಡು. ಜೀಪ್ ಮುಟ್ಬೇಡ."

"ನಿಮ್ಮನ್ನ ಯಾರು ತಗೋತಾರೆ? ನಿಮ್ಗೆ ಆರ್‌ಸಿ ಬುಕ್ಕೂ ಇಲ್ಲ!"

ಬಿದ್ದ ಮೇಲೆ ಮೊದಲ ಸಲ ಅವರ ತುಟಿ ಸ್ವಲ್ಪ ಅರಳಿತು. ಆದರೂ ಒಪ್ಪಲಿಲ್ಲ. ನಾನು ಅತ್ತೆ, ಕೂಗಾಡಿದೆ, ಊಟ ಬಿಟ್ಟೆ. ಅವರೂ ಊಟ ಬಿಟ್ಟರು. ಕೊನೆಗೆ ನನಗೂ ತಡೆಯಲಾಗಲಿಲ್ಲ. ಡ್ರೆಸ್ಸಿಂಗ್ ಬಿಚ್ಚಿದಾಗ ಫೋನಿನಲ್ಲಿ ಹುಣ್ಣಿನ ಫೋಟೋ ತೆಗೆದು ಅವರ ಮುಖದ ಮುಂದೆ ಹಿಡಿದೆ. ಅಷ್ಟು ದಿನ ಅದನ್ನು ಅವರು ನೋಡೇ ಇರಲಿಲ್ಲ. ಫೋನು ಕೈಗೆ ತೆಗೆದುಕೊಂಡು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದರು.

"ಇದು ನಂದಾ?"

"ಮತ್ತಿನ್ಯಾರ್ದು?"

ಫೋನನ್ನು ಹಾಸಿಗೆಯ ಮೇಲೆ ಬೋರಲು ಇಟ್ಟರು. "ಮಾರ್ಬಿಡು" ಅಂದರು.

ಕಡೂರಿನ ಷೋರೂಮಿನವನು ಜೀಪಿನ ಸುತ್ತ ಒಂದು ಸುತ್ತು ಹಾಕಿ ತಲೆ ಆಡಿಸಿದ. "ಮೇಡಂ, ಎಕ್ಸ್‌ಚೇಂಜ್‌ಗೆ ಇದನ್ನ ಹಿಂಗೇ ತಗಳಕ್ಕಾಗಲ್ಲ. ಕಂಪನಿಯಿಂದ ಬಂದಾಗ ಹೆಂಗಿತ್ತೋ ಹಂಗೆ ಮಾಡ್ಕೊಂಡ್ ಬನ್ನಿ" ಅಂದ. ಹಳೆಯ ಸಾಮಾನೆಲ್ಲ ಎಲ್ಲಿ ಹುಡುಕಲಿ ಎಂದು ನನಗೆ ತಲೆ ಕೆಟ್ಟಿತು. ಇವರನ್ನು ಕೇಳಿದರೆ, "ಅಂಗಡಿ ಅಟ್ಟದ ಮೇಲೆ ನೋಡು, ಎಲ್ಲ ಐತೆ" ಅಂದರು. ಇತ್ತು. ಸ್ಪ್ರಿಂಗು, ಬಂಪರು, ಹಿಂದಿನ ಸೀಟು, ಹಳೆಯ ಟೈರು, ಒಂದೊಂದಕ್ಕೂ ಗ್ರೀಸ್ ಬಳಿದು ಗೋಣಿಚೀಲ ಸುತ್ತಿ ಇಟ್ಟಿದ್ದರು. ಎಂದಾದರೂ ಒಂದು ದಿನ ಇದನ್ನೆಲ್ಲ ಬಿಚ್ಚಬೇಕಾಗುತ್ತದೆ ಎಂದು ಆಗಲೇ ಗೊತ್ತಿತ್ತೋ ಏನೋ, ನನ್ನ ಹತ್ತಿರ ಹೇಳಿರಲಿಲ್ಲ.

ಬಿಚ್ಚುವ ಕೆಲಸ ತರೀಕೆರೆಯ ಗ್ಯಾರೇಜಿನಲ್ಲಿ. ಅದನ್ನೆಲ್ಲ ಹಾಕಿಕೊಟ್ಟ ಮೇಸ್ತ್ರಿಯೇ ಬಿಚ್ಚಬೇಕಿತ್ತು. ಇವರು ಬಾಡಿಗೆ ಕಾರಿಗೂ ಒಪ್ಪಿ ತಾವೂ ಬರುತ್ತೇನೆ ಎಂದರು. ಗಾಲಿಕುರ್ಚಿಯಲ್ಲಿ ಗಾಳಿದಿಂಬಿನ ಮೇಲೆ ಕೂರಿಸಿ ತಗಡಿನ ಶೆಡ್ಡಿನ ಕೆಳಗೆ ಬಿಟ್ಟೆ. ಮೇಸ್ತ್ರಿ ಸ್ಪ್ಯಾನರ್ ಹಿಡಿದುಕೊಂಡು ಸುಮ್ಮನೆ ನಿಂತಿದ್ದ.

"ಅಣ್ಣಾ, ಹಾಕುವಾಗ ಕೈ ಓಡ್ತು. ಈಗ ಓಡ್ತಿಲ್ಲ ಕಣಣ್ಣಾ."

"ಡ್ರಾಮಾ ಸಾಕು, ಕೆಲಸ ನೋಡೋ" ಎಂದು ಇವರು ಗದರಿದರು. "ಲೇ ಲೇ, ಆ ಬೋಲ್ಟಿಗೆ ಸುತ್ತಿಗೆ ಹಾಕ್ಬೇಡ್ವೋ! ಎಣ್ಣೆ ಬಿಟ್ಟು ಕಾಯಿ. ಎಷ್ಟ್ ಸಲ ಹೇಳ್ಬೇಕು ನಿಂಗೆ?"

ನಾನು ದಂಗಾದೆ. ಆ ದನಿ ಕೇಳಿ ಯಾವ ಕಾಲವಾಗಿತ್ತು! ಕುರ್ಚಿಯಿಂದ ಮುಂದಕ್ಕೆ ಬಾಗಿ ಬೆರಳು ತೋರಿಸುತ್ತಾ, ಬೈಯುತ್ತಾ, ಟೀ ತರಿಸುತ್ತಾ ಇದ್ದರು. ಬಾಯಿಬಿಟ್ಟು ಹೇಳಿಬಿಡುತ್ತೇನೆ, ನನಗೆ ಹೊಟ್ಟೆ ಉರಿಯಿತು. ಉಚ್ಚೆ ಬಾಚಿ, ಮೈ ಒರೆಸಿ, ತುತ್ತು ಕೊಟ್ಟು ನೋಡಿಕೊಂಡ ನನಗೆ ಒಂದು ಬೈಗುಳ ಕೂಡ ಸಿಕ್ಕಿರಲಿಲ್ಲ. ಮಾರುವುದು ಬೇಡ, ವಾಪಸ್ ಹಾಕಪ್ಪಾ ಎಂದುಬಿಡೋಣ ಎಂದು ನಾಲಿಗೆ ತುದಿಗೆ ಬಂತು. ಆದರೆ ಆ ಫೋಟೋ ನನ್ನ ಫೋನಿನಲ್ಲೇ ಇತ್ತು.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಜೀಪು ನೆಲಕ್ಕಿಳಿದಿತ್ತು. ಮುಡಿ ಕೊಟ್ಟು ಬಂದ ತಲೆಯ ಹಾಗೆ ಬೋಳಾಗಿ, ಪುಟ್ಟದಾಗಿ ಕಾಣುತ್ತಿತ್ತು. ಇವರು ಬಾಗಿಲಿನ ಹತ್ತಿರ ಕುರ್ಚಿ ತಳ್ಳಿಸಿಕೊಂಡು ಬಂದು, "ಕಡೂರ್‌ವರೆಗೆ ನಾನೂ ಇದ್ರಲ್ಲೇ ಬತ್ತೀನಿ" ಅಂದರು.

"ಹುಣ್ಣು ಇನ್ನೂ ಹಸಿ ಐತಲ್ರೀ!"

"ಒಂದೇ ಸಲ ಕಣೇ. ಆಮೇಲೆ ನೀ ಹೇಳ್ದಂಗೆ."

ಸೀಟಿನ ಮೇಲೆ ದಿಂಬಿನ ಮೇಲೆ ದಿಂಬು ಹಾಕಿ ಕೂರಿಸಿಕೊಂಡೆ. ನಾನು ಬೀರೂರಿನ ಮೇಲೆ ಹೈವೇ ಹಿಡಿಯಬೇಕೆಂದಿದ್ದೆ. ಇವರು ಲಿಂಗದಹಳ್ಳಿ ಕಡೆ ತಿರುಗಿಸು, ಎಮ್ಮೆದೊಡ್ಡಿ ಮೇಲೆ ಹೋಗೋಣ ಎಂದರು. ಮದುವೆಯಾದ ಹೊಸತರಲ್ಲಿ ನನಗೆ ಗಾಡಿ ಓಡಿಸಲು ಕಲಿಸಿದ್ದು ಅಲ್ಲೇ, ದನ ಮೇಯುವ ಕಾವಲಿನ ಅಂಚಿನ ಮಣ್ಣುದಾರಿಯಲ್ಲಿ. ದನಗಳು ತಲೆಯೆತ್ತಿ ನೋಡುತ್ತಿದ್ದವು, ನಾನು ಕ್ಲಚ್ಚು ಬಿಟ್ಟಾಗಲೆಲ್ಲ ಜೀಪು ಎಗರುತ್ತಿತ್ತು, ಇವರು ಬಿದ್ದು ಬಿದ್ದು ನಗುತ್ತಿದ್ದರು. ಆ ನೆನಪಿಗೇ ಕೇಳುತ್ತಿದ್ದಾರೆ ಎಂದುಕೊಂಡು ತಿರುಗಿಸಿದೆ.

ಮಣ್ಣುದಾರಿಗೆ ಇಳಿದು ಗುಂಡಿಗಳನ್ನು ತಪ್ಪಿಸುತ್ತಾ ಇರುವೆ ನಡಿಗೆಯಲ್ಲಿ ಓಡಿಸುತ್ತಿದ್ದೆ. ಇವರು ನನ್ನ ಮುಂಗೈ ಹಿಡಿದರು.

"ತಪ್ಪಿಸ್ಬೇಡ. ಆ ಗುಂಡಿಗೆ ಬಿಡು."

"ತಲೆ ಕೆಟ್ಟಿದ್ಯಾ ನಿಮ್ಗೆ?"

"ಕೇಳಿಲ್ಲಿ. ಕಾಲು ನಂಗೆ ಗೊತ್ತಾಗಲ್ಲ. ಸೊಂಟ ಗೊತ್ತಾಗಲ್ಲ. ಮಂಚದ್ ಮೇಲೆ ಮಲ್ಗಿದ್ರೆ ನಂಗೆ ಅರ್ಧ ಮೈಯೇ ಇಲ್ಲ ಅನ್ಸುತ್ತೆ. ಇದು ಎತ್ತಾಕಿದಾಗ ಮಾತ್ರ ಕೆಳಗಿಂದ ಬಂದು ಇಲ್ಲಿಗೆ ಬಡೀತದೆ." ಎದೆಯ ಮೇಲೆ ಅಂಗೈ ಇಟ್ಟುಕೊಂಡರು. "ಆಗ, ಕೆಳಗೆ ಇನ್ನೂ ಏನೋ ಐತೆ ಅನ್ಸುತ್ತೆ ಕಣೇ. ಅದ್ಕೇ ನಾನು ಶಿವಮೊಗ್ಗಕ್ಕೆ ಬರ್ತಿದ್ದಿದ್ದು. ಆ ಫಿಸಿಯೋನ ಮುಖ ನೋಡಕ್ಕಲ್ಲ."

ಇಷ್ಟು ದಿನ ಬಾಯಿ ಬಿಡಲು ಏನಾಗಿತ್ತು ಈ ಮನುಷ್ಯನಿಗೆ! ಗುಂಡಿಗೆ ಬಿಟ್ಟೆ. ಜೀಪು ಇಳಿದು ಧಡ್ ಎಂದು ಎತ್ತಿಹಾಕಿತು. ಅವರು ಕಣ್ಣು ಮುಚ್ಚಿಕೊಂಡರು. "ಇನ್ನೊಂದು" ಅಂದರು. ಇನ್ನೊಂದಕ್ಕೂ ಬಿಟ್ಟೆ. ಮೂರನೆಯದಕ್ಕೆ ನನ್ನ ಕೈಯಲ್ಲಿ ಆಗಲಿಲ್ಲ, ಗಾಡಿ ನಿಲ್ಲಿಸಿ ಅತ್ತುಬಿಟ್ಟೆ. ಅವರು ಅಳಲಿಲ್ಲ. ಕಡೂರು ಮುಟ್ಟುವವರೆಗೂ ಎದೆಯ ಮೇಲಿನ ಕೈ ತೆಗೆಯಲೂ ಇಲ್ಲ. ಅವತ್ತು ಸಂಜೆ ಡ್ರೆಸ್ಸಿಂಗ್ ಬಿಚ್ಚಿದರೆ ಬಟ್ಟೆ ರಕ್ತದಲ್ಲಿ ತೊಯ್ದಿತ್ತು. ಅವರಿಗೆ ಅದೂ ಗೊತ್ತಿರಲಿಲ್ಲ.

ಬಿಳಿ ಬಣ್ಣದ ಎಸ್‌ಯುವಿ ಬಂತು. ಅಂತರಘಟ್ಟೆಯ ಅಮ್ಮನ ಗುಡಿಗೆ ಹೋಗಿ ಪೂಜೆ ಮಾಡಿಸಿ ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು ಬಂದೆವು. ಮಗಳು ಹಿಂದಿನ ಸೀಟಿನಲ್ಲಿ ಕಾಲು ಚಾಚಿ, "ಅಮ್ಮಾ, ನಾವೂ ಮನುಷ್ಯರ ಥರ ಹೋಗ್ತಿದೀವಿ" ಎಂದಳು. ಸುಳ್ಳು ಯಾಕೆ ಹೇಳಲಿ, ಒಳ್ಳೆಯ ಗಾಡಿಯೇ. ಸೀಟು ಗಾಲಿಕುರ್ಚಿಯ ಎತ್ತರಕ್ಕೇ ಇದೆ. ನಡುವೆ ಒಂದು ಹಲಗೆ ಇಟ್ಟರೆ ಇವರು ಯಾರ ಕೈಯೂ ಇಲ್ಲದೆ ತಾವೇ ಜರುಗಿ ಕೂರಬಹುದು. ಆಳುಗಳನ್ನು ಕೂಗುವ ಗೋಳಿಲ್ಲ. ಹುಣ್ಣು ಒಣಗುತ್ತಾ ಬಂತು, ಹೊಸ ಚರ್ಮ ಬಂತು. ಡಾಕ್ಟರು ಖುಷಿಯಾಗಿ ನನ್ನನ್ನು ಹೊಗಳಿದರು.

ಹುಣ್ಣು ಪೂರ್ತಿ ಮಾಯುವ ಹೊತ್ತಿಗೆ ಇವರು ಶಿವಮೊಗ್ಗಕ್ಕೆ ಬರುವುದನ್ನೇ ಬಿಟ್ಟರು. "ಇವತ್ತು ಬೇಡ ಕಣೇ" ಅನ್ನುತ್ತಿದ್ದರು. ಜಗಳವಾಡುತ್ತಿರಲಿಲ್ಲ, ಮುಸುಕು ಹಾಕಿಕೊಳ್ಳುತ್ತಿರಲಿಲ್ಲ. ನಾನು ಬೈದರೆ ನಯವಾಗಿ "ಹೂಂ" ಅನ್ನುತ್ತಿದ್ದರು. ಆ ನಯಕ್ಕೇ ನನಗೆ ಹೆದರಿಕೆಯಾಗುತ್ತಿತ್ತು. ಊಟ ಅರ್ಧ ಆಯಿತು, ಮಾತು ಅದಕ್ಕಿಂತ ಕಡಿಮೆಯಾಯಿತು. ಗ್ಯಾರೇಜಿನ ಮೇಸ್ತ್ರಿ ನೋಡಲು ಬಂದಾಗಲೂ ಕಣ್ಣು ತೆರೆಯಲಿಲ್ಲ. ನಿದ್ದೆ ಬಂದಿದೆ ಎಂದು ನಾನು ಸುಳ್ಳು ಹೇಳಿ ಕಳಿಸಿದೆ.

ಹೋದ ಭಾನುವಾರ ಮಗಳನ್ನು ಮನೆಯಲ್ಲಿ ಬಿಟ್ಟು, ಇವರನ್ನು ಕಾಡಿ ಬೇಡಿ ಎಬ್ಬಿಸಿ ಕಾರಿಗೆ ಕೂರಿಸಿಕೊಂಡೆ. ಎಲ್ಲಿಗೆ ಎಂದು ಅವರು ಕೇಳಲಿಲ್ಲ. ಎಮ್ಮೆದೊಡ್ಡಿ ಕಾವಲಿನ ಮಣ್ಣುದಾರಿಗೆ ಇಳಿಸಿದ ಮೇಲೆ ನನ್ನ ಮುಖ ನೋಡಿದರು. ನಮ್ಮ ಗುಂಡಿ ಅಲ್ಲೇ ಇತ್ತು, ಮಳೆಗೆ ಇನ್ನೂ ಅಗಲವಾಗಿತ್ತು. ಮನಸ್ಸು ಗಟ್ಟಿ ಮಾಡಿ ಅದಕ್ಕೆ ಬಿಟ್ಟೆ. ಕಾರು ಮೆಲ್ಲಗೆ ಇಳಿದು, ಮೆಲ್ಲಗೆ ಹತ್ತಿತು. ಕುಲುಕಿದ್ದು ನನಗೇ ತಿಳಿಯಲಿಲ್ಲ.

ಹಿಂದಕ್ಕೆ ತೆಗೆದುಕೊಂಡು ಜೋರಾಗಿ ನುಗ್ಗಿಸಿದೆ. ಕೆಳಗೆ ಏನೋ ಉಜ್ಜಿದ ಸದ್ದಾಯಿತು. ಉಜ್ಜಿದರೆ ಉಜ್ಜಲಿ, ಹಾಳಾಗಿ ಹೋಗಲಿ. ಹಲ್ಲು ಕಚ್ಚಿಕೊಂಡು ಮತ್ತೆ ನುಗ್ಗಿಸಿದೆ. ಅವರು ಎದೆಯ ಮೇಲೆ ಅಂಗೈ ಒತ್ತಿಕೊಂಡು, ಕಣ್ಣು ಮುಚ್ಚಿಕೊಂಡು ಕೂತಿದ್ದರು.

"ಗೊತ್ತಾಯ್ತೇನ್ರೀ?"

ಅವರು ಎದೆಯ ಮೇಲಿನ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಇಲ್ಲ ಕಣೇ" ಅಂದರು. "ಒಳ್ಳೆ ಗಾಡಿ ತಂದಿದೀಯ."