ಟವೆಲಿನಲ್ಲಿ ಮೊಳೆತ ನಿಂಬೆ ತುಳಸಿ

ಈರಮ್ಮನ ಊರು ಬೆಳಗೋಡಿನಿಂದ ಒಳಗೆ. ಗದ್ದೆ ನಾಟಿಯಲ್ಲಿ ಅವಳ ಕೈಗೆ ಸರಿಸಾಟಿ ಇರಲಿಲ್ಲ. ಜೇನು ಮಾತ್ರ ಅವಳದಲ್ಲ, ಗಂಡ ನಂಜುಂಡಯ್ಯನದು. ತೊಂಬತ್ತೈದರ ಮಳೆಗಾಲದಲ್ಲಿ ಜ್ವರ ಬಂತು, ನಂಜುಂಡಯ್ಯ ಹೋದ. ಜೇನುಪೆಟ್ಟಿಗೆ ಉಳಿಯಿತು.

ಅದೊಂದೇ ಪೆಟ್ಟಿಗೆ. ಕೆಲವು ವರ್ಷದ ಹಿಂದೆ ರೋಗ ಬಂದು ಊರಿನ ಜೇನೆಲ್ಲ ಸತ್ತಿತ್ತು. ಅವನು ಮತ್ತೆ ಮರದ ಪೊಟರೆಯಿಂದ ತುಡುವೆ ಜೇನು ತಂದು ಕೂರಿಸಿದ್ದ. ಮಳೆ ನಿಂತ ಮೇಲೆ ಕಾಫಿ ಹೂವಾಗುವವರೆಗೂ ಅದಕ್ಕೆ ಮೇವು ಬೇಕಲ್ಲ, ಹಿತ್ತಿಲಲ್ಲಿ ನಿಂಬೆ ತುಳಸಿ ಬಿತ್ತುತ್ತಿದ್ದ. ಒಂದೇ ವರ್ಷದ ಗಿಡ ಅದು. ಹೂ ಬಿಟ್ಟು, ಬೀಜ ಕಟ್ಟಿ, ಒಣಗಿಹೋಗುತ್ತದೆ. ಎಲೆ ಮುಟ್ಟಿದರೆ ನಿಂಬೆಹಣ್ಣು ಕುಯ್ದ ವಾಸನೆ. ಅದರ ಕುಡಿ, ಒಂದು ಚೂರು ಬೆಲ್ಲ ಹಾಕಿ ಟೀ ಕಾಯಿಸುತ್ತಿದ್ದವನೂ ಅವನೇ. ಈರಮ್ಮ ಕುಡಿಯುತ್ತಿದ್ದಳು, ಅಷ್ಟೆ.

ಮಳೆ ಇಳಿದಾಗ ಮೈದುನ ಗುಂಡಯ್ಯ ಬಂದು ಪೆಟ್ಟಿಗೆಗೆ ಕಿವಿಯಿಟ್ಟ.

"ಸದ್ದು ಕಮ್ಮಿ ಆಗೈತೆ ಅತ್ಗೆ. ಮೇವಿಲ್ಲ. ಹಿಂಗೇ ಆದ್ರೆ ಒಂದಿನ ಎದ್ದು ಹೋಗ್ಬುಡ್ತವೆ."

"ಹೋಗಬಾರ್ದು."

"ನಿನ್ ಮಾತು ಹುಳಕ್ಕೆ ಗೊತ್ತಾಯ್ತದಾ?"

"ನಿಂಗೇ ಗೊತ್ತಾಗಲ್ಲ, ಹುಳದ ಮಾತಾಡ್ತೀಯ."

ಗುಂಡಯ್ಯ ಹೋದ ಮೇಲೆ ಈರಮ್ಮ ಅಟ್ಟ ಹತ್ತಿದಳು. ಹಾರ್ಲಿಕ್ಸ್ ಬಾಟಲಿಯಲ್ಲಿ ಗಂಡ ಎತ್ತಿಟ್ಟಿದ್ದ ನಿಂಬೆ ತುಳಸಿ ಬೀಜ ಒಂದು ಹಿಡಿ ಇತ್ತು. ಸಾಸಿವೆಗಿಂತ ಸಣ್ಣದು, ಕಪ್ಪು. ಬೇರೆ ಬೀಜ ಇಲ್ಲ. ಇದನ್ನು ಅವನು ಹೇಗೆ ಬಿತ್ತುತ್ತಾನೆ ಅಂತ ಅವಳು ಒಂದು ದಿನವೂ ನೋಡಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಭತ್ತ. ಭತ್ತವನ್ನು ಬಟ್ಟೆಯಲ್ಲಿ ಕಟ್ಟಿ ನೀರಲ್ಲಿ ನೆನೆಹಾಕಬೇಕು, ಮೊಳಕೆ ಬರಿಸಿ ಆಮೇಲೆ ಸಸಿಮಡಿಗೆ ಚೆಲ್ಲಬೇಕು. ಹಾಗೇ ಮಾಡಿದಳು.

ಬಟ್ಟೆಗೆ ನಂಜುಂಡಯ್ಯನ ಕೆಂಪಂಚಿನ ಟವೆಲು ತಗೊಂಡಳು. ಅವನು ಹೋದಾಗಿನಿಂದ ಅದು ಬಾಗಿಲ ಹಿಂದಿನ ಮೊಳೆಯಲ್ಲೇ ಇತ್ತು. ಒಗೆದಿರಲಿಲ್ಲ. ಅವನ ಮೈ ವಾಸನೆ, ಬೀಡಿ ವಾಸನೆ ಇನ್ನೂ ಇತ್ತು. ಬೀಜ ಅವನದು, ಬಟ್ಟೆಯೂ ಅವನದೇ ಆಗಲಿ ಅಂದುಕೊಂಡಳು.

ಬೆಳಿಗ್ಗೆ ಗಂಟು ಬಿಚ್ಚಿದರೆ ಬೀಜ ಇಲ್ಲ. ಲೋಳೆ. ಒಂದೊಂದು ಬೀಜವೂ ಊದಿಕೊಂಡು ಸುತ್ತ ನೀಲಿಬಿಳಿ ಅಂಟು ತುಂಬಿಕೊಂಡಿತ್ತು. ನಡುವೆ ಕಪ್ಪು ಚುಕ್ಕಿ. ಟವೆಲಿನ ತುಂಬ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ಈರಮ್ಮ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟಳು.

ಪಕ್ಕದ ಮನೆ ಲಿಂಗಮ್ಮ ಬೇಲಿ ಮೇಲಿಂದ ಬಗ್ಗಿ ನೋಡಿದಳು.

"ಏನೇ ಅದು, ಕಪ್ಪೆ ಮೊಟ್ಟೆ ತಂದು ಹಾಕ್ಕಂಡಿದ್ದೀಯ?"

"ತುಳಸಿ ಬೀಜ ಕಣೆ. ಭತ್ತದಂಗೆ ನೆನೆಹಾಕ್ದೆ."

"ಅಯ್ಯೋ ಪೆದ್ದಿ, ಇದನ್ನ ಒಣಗಿದ್ದಂಗೇ ಉದುರಿಸ್ಬೇಕು. ಕಾಮಕಸ್ತೂರಿ ಪಾನಕಕ್ಕೆ ಹಾಕಿದ್ರೆ ಉಬ್ಬಲ್ವಾ, ಇದೂ ಅದೇ ಜಾತಿ. ಇನ್ನೇನು, ಸಕ್ಕರೆ ಹಾಕಿ ಕುಡ್ಕೋ."

ಈರಮ್ಮ ಬೆರಳಲ್ಲಿ ಕೆರೆದಳು, ಜಾರಿತು. ತೊಳೆದರೆ ಹರಿದುಹೋಗುತ್ತದೆ. ಕೊನೆಗೆ ಟವೆಲನ್ನೇ ಎತ್ತಿಕೊಂಡು ಹೋಗಿ ಮಡಿಯ ಮೇಲೆ ಹಾಸಿ, ಲೋಳೆಯನ್ನು ಅಂಚಿನವರೆಗೂ ಸವರಿದಳು. ಜರಡಿ ಹಿಡಿದ ಸಗಣಿ ಗೊಬ್ಬರ ತೆಳ್ಳಗೆ ಉದುರಿಸಿದಳು. ಮಣ್ಣಲ್ಲಿ ಅವನ ಟವೆಲು ಮಲಗಿದ್ದನ್ನು ನೋಡೋಕಾಗದೆ ಒಳಗೆ ಬಂದಳು. ಪೆಟ್ಟಿಗೆಯ ಜೇನಿಗೆ ಸಕ್ಕರೆ ನೀರು ಇಟ್ಟುಕೊಂಡು ಕಾದಳು.

ಒಂದು ಬೆಳಿಗ್ಗೆ ಹೋದರೆ ಮಡಿಯ ಮೇಲೆ ಹಸಿರು ಟವೆಲು. ಮೂಲೆ ಮೂಲೆಯೂ ಸರಿಯಾಗಿ, ಅಂಚೂ ಸೇರಿ. ಒಂದು ಕೂದಲೆಳೆ ಆಚೆ ಇಲ್ಲ. ಅವಳು ಬಗ್ಗಿ ಅಂಗೈ ಇಟ್ಟಳು. ನಿಂಬೆಹಣ್ಣು ಕುಯ್ದ ವಾಸನೆ ಮೇಲೆದ್ದು ಬಂತು. ಉಗುರಿನಷ್ಟೂ ಇಲ್ಲದ ಎಲೆಗೆ ಅಷ್ಟು ವಾಸನೆ ಯಾರು ತುಂಬಿಸಿಟ್ಟರು ಅಂತ ಅಂಗೈಯನ್ನು ಮತ್ತೆ ಮೂಸಿ ನೋಡಿದಳು.

ಸಸಿ ಎದ್ದ ಮೇಲೆ ನಾಟಿ ಮಾಡಬೇಕು. ಒತ್ತಾಗಿ ಬಿಟ್ಟರೆ ಕೊಳೆಯುತ್ತವೆ. ಕೀಳೋಕೆ ಹೋದರೆ ಬೇರುಗಳು ಟವೆಲಿನ ನೂಲೊಳಗೆ ಹೊಕ್ಕು ಹೆಣೆದುಕೊಂಡಿದ್ದವು. ಎಳೆದರೆ ಬೇರು ಕಿತ್ತು ಬರುತ್ತೆ. ಉಳಿದದ್ದು ಒಂದೇ ದಾರಿ.

"ಬಟ್ಟೆ ಹರಿ," ಅಂದಳು ಲಿಂಗಮ್ಮ. ಈ ಸಲ ನಗಲಿಲ್ಲ.

ಈರಮ್ಮ ಟವೆಲನ್ನು ಮುಖದ ಹತ್ತಿರ ಹಿಡಿದಳು. ಬೀಡಿ ವಾಸನೆ ಇರಲಿಲ್ಲ. ಹರಿದಳು. ಉದ್ದಕ್ಕೆ ಪಟ್ಟಿ ಪಟ್ಟಿ ಹರಿದು, ಪಟ್ಟಿಯನ್ನು ತುಂಡು ಮಾಡಿ, ತುಂಡಿನ ಸಮೇತ ಮಣ್ಣಿಗೆ ಒತ್ತಿದಳು. ನಾಟಿ ಹಾಡು ಬಾಯಿಗೆ ಬಂತು, ಹಾಡಲಿಲ್ಲ. ಸಾಲು ನೇರ ಬಂತು.

ಗಿಡ ಮೊಣಕಾಲುದ್ದ ಆಯಿತು. ಲಿಂಗಮ್ಮ ಟೀಗೆ ಅಂತ ಕೈ ಹಾಕಿದಳು.

"ಚಿವುಟಬ್ಯಾಡ. ಮೊದಲು ಹುಳಕ್ಕೆ."

"ನಿನ್ ಗಂಡನ್ನೂ ಹಿಂಗೆ ನೋಡ್ಕಂಡಿರಲಿಲ್ಲ ಬಿಡು."

"ಅವರು ಚಿವುಟಿದ್ರೆ ಸುಮ್ನಿರ್ತಿದ್ದೆ."

ಮಂಜು ಬೀಳುವ ಕಾಲಕ್ಕೆ ತೆನೆಯಂಥ ಕಡ್ಡಿಗಳ ತುಂಬ ಬಿಳೀ ಹೂ ಬಂತು. ಮಂಜು ಹರಿದು ಬಿಸಿಲು ಬಿದ್ದ ಕೂಡಲೇ ಒಂದು ಜೇನು ಬಂತು. ಇನ್ನೊಂದು ಬಂತು. ಆಮೇಲೆ ಹಿತ್ತಿಲೇ ಗುಂಯ್ ಅಂದಿತು. ಬೆಣ್ಣೆ ಕಡೆಯುವಾಗ ಕಂಬಕ್ಕೆ ಕಿವಿಯಿಟ್ಟ ಹಾಗೆ. ಈರಮ್ಮ ಸಾಲಿನ ನಡುವೆ ನಿಂತಳು. ಕೈಮೇಲೆ, ಸೆರಗಿನ ಮೇಲೆ ಕೂತು ಎದ್ದು ಹೋದವು. ಒಂದೂ ಕಚ್ಚಲಿಲ್ಲ. ಇಷ್ಟು ವರ್ಷ ಅವನು ಬೆಳಿಗ್ಗೆ ಬೆಳಿಗ್ಗೆ ಇಲ್ಲಿ ಏನು ಮಾಡುತ್ತಾನೆ ಅಂತ ಬೈಯುತ್ತಿದ್ದಳು. ಏನೂ ಮಾಡುತ್ತಿರಲಿಲ್ಲ. ಹೀಗೇ ನಿಂತಿರುತ್ತಿದ್ದ.

ಗುಂಡಯ್ಯ ಬಂದು ಪೆಟ್ಟಿಗೆ ಬಾಯಲ್ಲಿ ಕೂತು ನೋಡಿದ.

"ಅತ್ಗೆ, ಕಾಲಲ್ಲಿ ಹೂಪುಡಿ ಹೊತ್ಕಂಡು ಒಳಗೆ ಹೋಗ್ತಾವೆ. ಅಂದ್ರೆ ಒಳಗೆ ಮರಿ ಐತೆ. ಮರಿ ಬಿಟ್ಟು ಹೋಗಲ್ಲ."

"ಇರ್ತವಾ?"

"ಕಾಫಿ ಹೂವಿಗೂ ಇವೇ ಇರ್ತವೆ."

ಈರಮ್ಮ ಬಗ್ಗಿ ಒಂದು ಕುಡಿ ಚಿವುಟಿದಳು. ಗಿಡದ ಬುಡದಲ್ಲಿ ಕೆಂಪಂಚಿನ ನೂಲು ಒಂದೆಳೆ ಮಣ್ಣಿಂದ ಇಣುಕುತ್ತಿತ್ತು. ಅದರ ಮೇಲೆ ಮಣ್ಣು ಎಳೆದು, ಟೀಗೆ ನೀರು ಕಾಯಿಸೋಕೆ ಒಳಗೆ ಹೋದಳು.