ಮಗ್ಗಿಗೂ ಭೇಷ್ ಎಂದವನು

ವಸುಂಧರಾ ಮೇಡಂ, ಭಾಗ್ಯ ಓದುವುದನ್ನು ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳು ಅಂದು ನಿಮ್ಮೆದುರು ಹೇಳಿದ್ದೇ ನಿಜ. ಸುಳ್ಳು ಹೇಳಿದವನು ನಾನು.

ಇಷ್ಟು ಬರೆಯಲು ವರ್ಷಗಳೇ ಹಿಡಿದವು. ಸರ್ಕಾರಿ ಕಚೇರಿಯಲ್ಲಿ ಕೂತು ಕಂಡವರ ತಪ್ಪುಗಳಿಗೆಲ್ಲ ಕಾರಣ ಕೇಳಿ ನೋಟಿಸು ಬರೆದು ನಿವೃತ್ತನಾದವನಿಗೆ ತನ್ನದೇ ಒಂದು ತಪ್ಪನ್ನು ಬರೆಯಲು — ಕೈ ಓಡಲಿಲ್ಲ.

ಕೊರೊನಾ ಬಂದು, ಜಯನಗರದ ಆ ಹಳೆಯ ಮನೆಯಲ್ಲಿ ನೀವು ನಡೆಸುತ್ತಿದ್ದ ಪುಟ್ಟ ಶಾಲೆಗೆ ಬೀಗ ಬಿದ್ದಾಗ, ನೀವು ನಮ್ಮ ಬೀದಿಯ ಒಂದೊಂದು ಗೇಟಿಗೂ ಬಂದು ನಿಂತಿರಿ. ಮಕ್ಕಳಲ್ಲಿ ಹೆಚ್ಚಿನವರು ಪಕ್ಕದ ಸಿದ್ದಾಪುರದ ಬಡ ಮನೆಗಳವರು. ಮನೆಯಲ್ಲಿದ್ದರೆ ಒಂದು ಬಟನ್ ಫೋನು. ಅವರಿಗೆ ಆನ್‌ಲೈನ್ ಪಾಠ ಎಲ್ಲಿಯದು? ಮೆಡಿಕಲ್ ಶಾಪಿನವರು ಆ ಫೋನುಗಳಿಗೆ ಕರೆನ್ಸಿ ಹಾಕಿಸಿದರು. ಎದುರುಮನೆಯವರು ಅಕ್ಕಿ ಬೇಳೆ ಕಟ್ಟಿಕೊಟ್ಟರು. ನಮ್ಮಂಥ ಮುದುಕರನ್ನು ನೀವು ಕೇಳಿದ್ದು ಒಂದೇ: "ರಾಯರೇ, ಸಂಜೆ ಒಂದು ಮಗೂಗೆ ಫೋನ್ ಮಾಡಿ. ಅದು ಪಾಠ ಓದತ್ತೆ, ನೀವು ಕೇಳಿಸ್ಕೊಳಿ. ತಪ್ಪಾದ್ರೆ ತಿದ್ದಿ. ಅಷ್ಟೇ."

ಅನ್ನದಾನ, ಭೂದಾನಗಳ ಸಾಲಿಗೆ ನಾನು ಶ್ರವಣದಾನವನ್ನೂ ಸೇರಿಸಿ, ಬಂಧುಬಳಗಕ್ಕೆಲ್ಲ ಫೋನಿನಲ್ಲಿ ಸಾರಿದೆ. ನನ್ನಾಕೆ ಅಡುಗೆಮನೆಯಿಂದಲೇ, "ಕಟ್ಕೊಂಡಾಗಿನಿಂದ ನನ್ನ ಮಾತೇ ಕಿವಿಗೆ ಹಾಕ್ಕೊಂಡಿಲ್ಲ, ಇನ್ನು ಆ ಮಗೂದು ಕೇಳ್ತಾರಂತೆ" ಎಂದಳು. ನಾನು ನಕ್ಕೆ.

ನನ್ನ ಪಾಲಿಗೆ ಬಂದವಳು ಎರಡನೇ ತರಗತಿಯ ಭಾಗ್ಯ. ಮೊದಲ ಒಂದೆರಡು ಸಂಜೆ ಕಿವಿಗೊಟ್ಟೆ. ಅವಳು ಅಕ್ಷರಕ್ಕೆ ಅಕ್ಷರ ಕೂಡಿಸಿ, ಒತ್ತಕ್ಷರ ಬಂದಲ್ಲಿ ನಿಂತು, ಮತ್ತೆ ಹಿಂದಕ್ಕೆ ಹೋಗಿ — ಒಂದು ವಾಕ್ಯ ಮುಗಿಯುವಷ್ಟರಲ್ಲಿ ನನ್ನ ಕಾಫಿ ಆರಿಹೋಗುತ್ತಿತ್ತು. ಬೇಸರವಾಯಿತು. ಬೇಸರ ಮೇಡಂ, ಬೇರೇನೂ ಅಲ್ಲ. ಆಮೇಲಿನಿಂದ ಫೋನನ್ನು ಸ್ಪೀಕರಿಗೆ ಹಾಕಿ ಟೀಪಾಯಿಯ ಮೇಲಿಟ್ಟು, ಪತ್ರಿಕೆಯ ಪದಬಂಧ ಬಿಡಿಸತೊಡಗಿದೆ. ಆ ಕಡೆಯ ಸದ್ದು ನಿಂತಾಗ "ಭೇಷ್!" ಎನ್ನುತ್ತಿದ್ದೆ. ನೀವು ವಿಚಾರಿಸಿದಾಗಲೆಲ್ಲ "ಸಲೀಸಾಗಿ ಓದ್ತಾಳೆ, ಯೋಚನೆ ಬಿಡಿ" ಎಂದೆ. ನಿಮ್ಮ ದನಿಯಲ್ಲಿ ಸಮಾಧಾನ ಕೇಳಿಸುತ್ತಿತ್ತು. ಅದು ಮಾತ್ರ ನನಗೆ ಚೆನ್ನಾಗಿ ಕೇಳಿಸುತ್ತಿತ್ತು.

ಶಾಲೆ ತೆರೆದಾಗ ಭಾಗ್ಯಳಿಗೆ ಓದಲು ಬರಲಿಲ್ಲ. ನೀವು ಅವಳನ್ನೂ ಅವಳ ತಾಯಿ ಮಂಜುಳಾರನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದಿರಿ. ನನ್ನನ್ನು ಪರೀಕ್ಷಿಸಲು ಅಲ್ಲ — ಅನುಮಾನ ನಿಮ್ಮ ಹತ್ತಿರವೂ ಸುಳಿದಿರಲಿಲ್ಲ. "ನಮ್ಮ ಹತ್ರ ಬಾಯೇ ಬಿಡಲ್ಲ ರಾಯರೇ. ನಿಮ್ಮ ಮುಂದಾದ್ರೂ ಓದ್ತಾಳೇನೋ ಅಂತ."

ತೆರೆದ ಪುಸ್ತಕವನ್ನು ಅವಳು ನೋಡಲಿಲ್ಲ. ನನ್ನನ್ನು ನೋಡಿದಳು.

"ತಾತ ಕೇಳಿಸ್ಕೊಳ್ತಾನೇ ಇರ್ಲಿಲ್ಲ ಮಿಸ್. ಒಂದಿನ ಪಾಠ ಬಿಟ್ಟು ಎರಡರ ಮಗ್ಗಿ ಹೇಳ್ದೆ. ಅದಕ್ಕೂ ಭೇಷ್ ಅಂದ್ರು."

ಮಂಜುಳಾ ಅವಳ ಬೆನ್ನಿಗೊಂದು ಬಾರಿಸಿದರು. "ದೊಡ್ಡೋರ ಮೇಲೇ ಸುಳ್ಳು ಹೇಳ್ತೀಯೇನೇ? ನೀವೇ ಹೇಳಿ ಸಾರ್!"

ಹೇಳಿದೆ. "ನನ್ನ ಹತ್ರ ಚೆನ್ನಾಗೇ ಓದ್ತಿದ್ಲಮ್ಮ. ಈಗ ಯಾಕೋ ಹಠ."

ಹಠ. ಪದಬಂಧದಲ್ಲಾದರೆ ಎರಡೇ ಚೌಕ. ಭಾಗ್ಯ ಅಳಲಿಲ್ಲ, ಪುಸ್ತಕ ಮುಚ್ಚಿ ತಾಯಿಯ ಕೈಗೆ ಕೊಟ್ಟಳು. ನಾನು ನಿಮಗೆಲ್ಲ ಕಾಫಿ ತರಿಸಿದೆ.

ಮುಂದೆ ಅವಳು ಓದಲು ಕಲಿತಳು, ನೀವೇ ಕಲಿಸಿದಿರಿ. ನನ್ನ ತಪ್ಪು ಅಲ್ಲಿಗೆ ವಜಾ ಆಯಿತೆಂದು ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ಹೋದ ವಾರ ತರಕಾರಿ ಅಂಗಡಿಯಲ್ಲಿ ನೀವು ಸಿಗುವವರೆಗೆ.

ಏಳನೇ ತರಗತಿಯಲ್ಲಿ ಯಾರದೋ ವಾಚು ಕಾಣೆಯಾಗಿದೆ ಎಂದಿರಿ. ಭಾಗ್ಯ ತಾನು ಮುಟ್ಟಿಲ್ಲ ಅನ್ನುತ್ತಾಳೆ. "ಹೇಗೆ ನಂಬೋದು ಹೇಳಿ? ಪುಟ್ಟೋಳಿದ್ದಾಗ್ಲೇ ನಿಮ್ಮ ಮೇಲೆ ಅಷ್ಟು ದೊಡ್ಡ ಸುಳ್ಳು ಹೇಳಿದೋಳು. ಅವರಮ್ಮನೇ ನಂಬ್ತಿಲ್ಲ." ಟಿ.ಸಿ. ಕೊಟ್ಟು ಕಳಿಸುವ ಮಾತೂ ಬಂತು. ನಾನು ಬದನೆಕಾಯಿ ಆರಿಸುತ್ತ "ಛೆ, ಛೆ" ಎಂದೆ. ಅಷ್ಟೇ ಎಂದೆ — ಮತ್ತೊಮ್ಮೆ.

ವಾಚು ಎಲ್ಲಿ ಹೋಯಿತೋ ನನಗೆ ತಿಳಿಯದು. ಆದರೆ ಆ ಹುಡುಗಿಯ ಮಾತನ್ನು ತಳ್ಳಿಹಾಕಲು ನೀವು ಹಿಡಿದಿರುವ ಸಾಕ್ಷಿ ನಾನು, ಮತ್ತು ಆ ಸಾಕ್ಷಿ ಸುಳ್ಳು. ಬೀದಿಯವರು ಕೊಟ್ಟ ಅಕ್ಕಿ ಒಂದೆರಡು ತಿಂಗಳಲ್ಲಿ ಮುಗಿದುಹೋಯಿತು. ನಾನು ಕೊಟ್ಟ ಹೆಸರನ್ನು ಅವಳು ಇಂದಿಗೂ ಹೊತ್ತು ತಿರುಗುತ್ತಿದ್ದಾಳೆ. ಮಗು ನಿಜ ಹೇಳಿ ಪೆಟ್ಟು ತಿಂದಿತು. ನಾನು ಸುಳ್ಳು ಹೇಳಿ ರಾಯರಾಗಿಯೇ ಉಳಿದೆ.

ಈ ಕಾಗದ ನಿಮ್ಮ ಕೈಗಿಟ್ಟು ನಾನು ಸಿದ್ದಾಪುರಕ್ಕೆ ಹೊರಡುತ್ತೇನೆ. ನೀವೂ ಬನ್ನಿ. ಮಂಜುಳಾರ ಮುಂದೆ, ಭಾಗ್ಯ ಎದುರಿಗಿರುವಾಗಲೇ, ಇಲ್ಲಿರುವುದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಕ್ಷಮೆ ಮಾತ್ರ ಕೇಳುವುದಿಲ್ಲ. ಕೇಳಿದರೆ, ದೊಡ್ಡವರೆಂದು ಆ ಹುಡುಗಿ "ಪರವಾಗಿಲ್ಲ ತಾತ" ಅನ್ನಲೇಬೇಕಾಗುತ್ತದೆ. ನನ್ನ ಸಲುವಾಗಿ ಅವಳು ಒಂದು ಸುಳ್ಳನ್ನೂ ಹೇಳಬಾರದು.