ತಿಕ್ಕಿ ತೊಳೆದ ಪಾತ್ರೆ

ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದ ವಾರದಲ್ಲೇ ಕಂಡೆ, ಇಲ್ಲಿಯ ಹಾಲು ಒಡೆಯುವುದಿಲ್ಲ. ಕಾಯಿಸಲು ಮರೆತು ಇಡೀ ದಿನ ಹೊರಗಿಟ್ಟಿದ್ದೆ, ಹಾಗೇ ಇತ್ತು. ಉಡುಪಿ ಕಡೆಯ ನಮ್ಮ ಹಳ್ಳಿಯಲ್ಲಿ ಮಧ್ಯಾಹ್ನಕ್ಕೇ ಹುಳಿಯಾಗುತ್ತದೆ. ಒಳ್ಳೆಯ ಊರು ಎಂದುಕೊಂಡೆ. ಬುದ್ಧಿ ಇರಲಿಲ್ಲ.

ನಾನು, ಯಜಮಾನರು, ಮದುವೆಯಾಗದ ಮಗ ಸುರೇಶ, ಮೂವರೇ ಫ್ಲ್ಯಾಟಿನಲ್ಲಿ. ಊರಲ್ಲಿ ಹಾಲು ಕೊಡುವ ದನದ ಹೆಸರು ಗೊತ್ತಿತ್ತು. ಇಲ್ಲಿ ಕೆಳಗಿನ ಡೇರಿಯವನ ಹೆಸರೂ ಗೊತ್ತಿಲ್ಲ. ಖೋವಕ್ಕೆ ಇಲ್ಲಿಯವರು ಮಾವಾ ಎನ್ನುತ್ತಾರೆ. ಚೌತಿಗೆ ಅವನಿಂದ ಮಾವಾ ತಂದು ಅಕ್ಕಿ ಪಾಯಸಕ್ಕೆ ಹಾಕಿದೆ. ಸುರೇಶ ಸಿಹಿ ಮುಟ್ಟುವುದಿಲ್ಲ. ಯಜಮಾನರು ಎರಡು ಲೋಟ ಕುಡಿದರು. ಬಡಿಸಿ ಕಡೆಗೆ ಉಣ್ಣುವವಳು ನಾನು. ನಾನು ಕೂರುವ ಮೊದಲೇ ಅವರಿಗೆ ವಾಂತಿ ಶುರುವಾಯಿತು.

ಸುರೇಶ ರಿಕ್ಷಾ ತರಲು ಓಡಿದ. ನಾನು ಪಾಯಸ ಚೆಲ್ಲಿ ಪಾತ್ರೆ ತಿಕ್ಕಿದೆ. ಅನ್ನ ತಾಗಿದ್ದೆಲ್ಲ ಮುಸುರೆ, ಮುಸುರೆ ಬಿಟ್ಟು ಮನೆ ದಾಟಿದವಳಲ್ಲ. ಪಾಯಸದ ಸೌಟು ತಾಗಿತ್ತೆಂದು ಉಳಿದ ಮಾವಾವನ್ನೂ ಕಸಕ್ಕೆ ಹಾಕಿದೆ.

ಮೂರನೇ ದಿನ ಆಸ್ಪತ್ರೆಯಲ್ಲಿ ಅವರು ಸತ್ತರು.

ಠಾಣೆ ಪಟ್ಟಣದಲ್ಲಿರುವ ಆಹಾರ ಇಲಾಖೆಯ ಕಚೇರಿಗೆ ಹೋಗಿ ದೂರು ಕೊಟ್ಟೆವು. ಸಾಹೇಬ ಕೇಳಿದ, “ಆಜೀ, ಸ್ಯಾಂಪಲ್ ಕುಠೇ?” ಸ್ಯಾಂಪಲ್ ಎಲ್ಲಿ ಎಂದು.

“ತೊಳ್ದೆ.”

ಸುರೇಶ ನನ್ನ ಮುಖ ನೋಡಿದ. “ಚೂರಾದ್ರೂ ಇಡ್ಬಾರ್ದಿತ್ತಾ ಅಮ್ಮ?”

“ಮುಸುರೆ ಇಡ್ಲಿಕ್ಕುಂಟಾ ಮಾರಾಯ?”

ಕಚೇರಿಯವರು ಡೇರಿಗೆ ಹೋಗಿ ಹೊಸ ಮಾವಾ ಒಯ್ದರು. ಚೆನ್ನಾಗಿದೆ ಎಂದು ರಿಪೋರ್ಟು ಬಂತು. ಚೆನ್ನಾಗಿರದೆ ಏನು, ಅದು ಬೇರೆ ದಿನದ್ದು. ಕೊಂಡವರೂ ಪರೀಕ್ಷೆಗೆ ಕಳಿಸಬಹುದು, ಕೊಳ್ಳುವಾಗಲೇ ಅಂಗಡಿಯವನಿಗೆ ಹೇಳಬೇಕು, ಹಾಗೆ ಕಾನೂನಿದೆ ಎಂದು ಸಾಹೇಬ ತಿಳಿಸಿದ. ಹೋಗಿ ಹೇಳಿದೆ. ಡೇರಿಯವನು ಮಾವಾದ ತಟ್ಟೆ ಒಳಗೆ ಸರಿಸಿದ. “ತುಮ್ಹಾಲಾ ನಾಹೀ, ಆಜೀ.” ನಿಮಗಿಲ್ಲ ಅಜ್ಜಿ, ಅಷ್ಟೇ. ಹಿಂದಿದ್ದವರಿಗೆ ತೂಗಿ ಕೊಟ್ಟ.

ಈಗ ಮಾಡಿದ ಅಡುಗೆಯಲ್ಲೆಲ್ಲ ಒಂದು ಸೌಟು ಡಬ್ಬಿಗೆ ಹಾಕಿ ಮರುದಿನದವರೆಗೆ ಫ್ರಿಜ್ಜಿನಲ್ಲಿಡುತ್ತೇನೆ. ವರ್ಷಾಂತಿಕಕ್ಕೆ ಊರಿಗೆ ಹೋದಾಗಲೂ ಕೈ ಸುಮ್ಮನಿರಲಿಲ್ಲ. ತಮ್ಮನ ಹೆಂಡತಿ ನಕ್ಕಳು, “ಎಂತ ಅತ್ತಿಗೆ, ಬೊಂಬಾಯಿಗೆ ಹೋಗಿ ಮುಸುರೆ ಕಟ್ಟಿಡ್ಲಿಕ್ಕೆ ಕಲ್ತ್ರಾ?” ಡಬ್ಬಿ ಕಸಿದು ತೊಳೆದಿಟ್ಟಳು. ಆ ಮನೆಯ ಹಾಲು ಮಧ್ಯಾಹ್ನಕ್ಕೆ ಒಡೆದಿತ್ತು. ನೋಡಿ ಸಮಾಧಾನವಾಯಿತು. ಆದರೂ ಕುಡಿಯಲಾಗಲಿಲ್ಲ.

ಕಡೆಗೆ ಉಣ್ಣುತ್ತಿದ್ದವಳು ಈಗ ಇಲ್ಲೂ ಊರಲ್ಲೂ ಮೊದಲು ಉಣ್ಣುತ್ತೇನೆ. ಎರಡು ತಾಸು ಕಾಯುತ್ತೇನೆ. ಆಮೇಲೆ ಸುರೇಶನಿಗೆ ಬಡಿಸುತ್ತೇನೆ.